ಹುಣಸೆ ಬೀಜಕ್ಕೆ ಶಾಲೆಯಲ್ಲಿ ಜಾಗವಿಲ್ಲವೇ?

ನಾಲ್ಕು ವರ್ಷದ ಮಗ ನೂರರವರೆಗೆ ಬರೆಯುತ್ತಾನೆಂದು ಹೇಳಿಕೊಳ್ಳುವಾಗ ತಂದೆತಾಯಂದಿರ ಮುಖದಲ್ಲಿ ಅರಳುವ ಹೆಮ್ಮೆಯನ್ನು ಕಂಡರೆ ನಮಗೆ ಸಂತೋಷಕ್ಕಿಂತ ಹೆಚ್ಚಾಗಿ ಆತಂಕವಾಗುತ್ತದೆ. ಅದೇ ಮಗುವಿನ ಮುಂದೆ ಒಂದು ತಟ್ಟೆ ಖರ್ಜೂರ ಇಟ್ಟು, ಇದರಲ್ಲಿ ಏಳು ಕೊಡಪ್ಪ ಎಂದು ಕೇಳಿ ನೋಡಿ. ಮುಷ್ಟಿಗೆ ಸಿಕ್ಕಷ್ಟನ್ನು ಬಾಚಿ ಕೊಡುವ ಮಕ್ಕಳು ನಮ್ಮ ನಡುವೆ ಎಷ್ಟು ಮಂದಿ ಇದ್ದಾರೆಂಬುದು ಆಗ ಗೊತ್ತಾಗುತ್ತದೆ. ನೂರರವರೆಗೆ ಬರೆದ ಕೈಗೆ ಏಳು ಎಂದರೆ ಎಷ್ಟೆಂದು ತಿಳಿದಿಲ್ಲ. ಆದರೂ ಆ ಮಗುವಿನ ಪುಸ್ತಕದಲ್ಲಿ ಕೆಂಪು ಶಾಯಿಯ ‘ಗುಡ್’ ಇರುತ್ತದೆ. ಮರುದಿನಕ್ಕೆ 3+4, 5+2 ಎಂದು ಇಪ್ಪತ್ತು ಲೆಕ್ಕಗಳ ಹೋಂವರ್ಕ್ ಇರುತ್ತದೆ. ಅದನ್ನು ಮಾಡಿಸಲು ಅಡುಗೆಮನೆಯಿಂದ ಓಡಿ ಬರುವ ತಾಯಿ, ಉತ್ತರ ಬರದಿದ್ದರೆ ಬೆನ್ನಿಗೊಂದು ಗುದ್ದು, ಕೊನೆಗೆ ತಾಯಿಯೇ ಹೇಳಿಕೊಟ್ಟು ಬರೆಸಿದ ಉತ್ತರ. ಇದಕ್ಕೆ ನಾವು ವಿದ್ಯಾಭ್ಯಾಸ ಎಂದು ಹೆಸರಿಟ್ಟಿದ್ದೇವೆ, ಫೀಸನ್ನೂ ಕಟ್ಟುತ್ತಿದ್ದೇವೆ.

ಎಳೆಯ ಮಕ್ಕಳಿಗೆ ಕೂಡುವ ಲೆಕ್ಕವನ್ನು ಕಾಗದದ ಮೇಲೆ ಆರಂಭಿಸುವುದು ತಪ್ಪು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅದು ಕೈಯಲ್ಲಿ ಆರಂಭವಾಗಬೇಕು, ಬಾಯಿಗೆ ಬರಬೇಕು, ಆಮೇಲೆ ಪಾಟಿಗೆ ಇಳಿಯಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದ್ದರ ಫಲವನ್ನು ನಮ್ಮ ಮಕ್ಕಳು ಹತ್ತನೇ ತರಗತಿಯವರೆಗೂ ಉಣ್ಣುತ್ತಿದ್ದಾರೆ.

ಎಣಿಕೆ ಎಂದರೆ ಹಾಡಲ್ಲ

ಒಂದು, ಎರಡು, ಮೂರು ಎಂದು ಇಪ್ಪತ್ತರವರೆಗೆ ಹೇಳುವುದು ಮಗುವಿಗೆ ಒಂದು ಹಾಡಿನಷ್ಟೇ ಸುಲಭ. ಆದರೆ ಹಾಡು ಬೇರೆ, ಎಣಿಕೆ ಬೇರೆ. ಎಣಿಸಲು ಬರುತ್ತದೆ ಎನ್ನಬೇಕಾದರೆ ಮಗುವಿಗೆ ಹಲವು ಸಂಗತಿಗಳು ಒಟ್ಟಿಗೆ ಗೊತ್ತಿರಬೇಕು. ಒಂದು ಬೀಜಕ್ಕೆ ಒಂದೇ ಹೆಸರು. ಒಂದನ್ನು ಬಿಡಬಾರದು, ಒಂದನ್ನು ಎರಡು ಸಲ ಮುಟ್ಟಬಾರದು. ಹೆಸರುಗಳ ಕ್ರಮ ಪ್ರತಿ ಸಲವೂ ಒಂದೇ ಇರಬೇಕು. ಬಲದಿಂದ ಎಣಿಸಿದರೂ ಎಡದಿಂದ ಎಣಿಸಿದರೂ ಮೊತ್ತ ಬದಲಾಗುವುದಿಲ್ಲ. ಬೀಜವಾದರೂ ಬಳೆಯಾದರೂ ಚಪ್ಪಾಳೆಯಾದರೂ ಐದು ಐದೇ. ಇವೆಲ್ಲಕ್ಕಿಂತ ಮುಖ್ಯವಾಗಿ, ಕೊನೆಗೆ ಹೇಳಿದ ಹೆಸರೇ ಇಡೀ ಗುಂಪಿನ ಲೆಕ್ಕ. ಗೆಲ್‌ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಇಬ್ಬರು ವಿದ್ವಾಂಸರು 1978ರಲ್ಲಿ ಈ ತತ್ವಗಳನ್ನು ವಿವರವಾಗಿ ಬರೆದರು. ಅದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಮಗು ಐದು ಬೀಜಗಳನ್ನು ಮುಟ್ಟಿ ಮುಟ್ಟಿ ಎಣಿಸಿದ ತಕ್ಷಣ, ಒಟ್ಟು ಎಷ್ಟಿವೆ ಎಂದು ಕೇಳಿ. ಐದು ಎಂದರೆ ಅದಕ್ಕೆ ಎಣಿಕೆ ದಕ್ಕಿದೆ. ಮತ್ತೆ ಒಂದು, ಎರಡು ಎಂದು ಮೊದಲಿನಿಂದ ಶುರು ಮಾಡಿದರೆ ಇನ್ನೂ ದಕ್ಕಿಲ್ಲ. ಇನ್ನೂ ದಕ್ಕದ ಮಗುವಿನ ಮುಂದೆ 3+4 ಎಂದು ಬರೆಯುವುದು ಕನ್ನಡ ಬಾರದವನ ಮುಂದೆ ಹಳಗನ್ನಡ ಓದಿದಂತೆ.

ಕೂಡುವುದಕ್ಕೂ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಲ್ಲಿ ಮಗು ಮೂರು ಬೀಜ ಎಣಿಸಿ ಇಡುತ್ತದೆ, ನಾಲ್ಕು ಬೀಜ ಎಣಿಸಿ ಇಡುತ್ತದೆ, ಎರಡನ್ನೂ ಸೇರಿಸಿ ಮೊದಲಿನಿಂದ ಏಳರವರೆಗೆ ಎಣಿಸುತ್ತದೆ. ಎರಡನೆಯದರಲ್ಲಿ ಮೂರನ್ನು ಮುಷ್ಟಿಯಲ್ಲಿ ಹಿಡಿದು ನಾಲ್ಕು, ಐದು, ಆರು, ಏಳು ಎಂದು ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಇನ್ನೂ ಸ್ವಲ್ಪ ದಿನ ಕಳೆದರೆ, ದೊಡ್ಡದನ್ನೇ ಹಿಡಿದುಕೊಂಡರೆ ಕೆಲಸ ಕಡಿಮೆ ಎಂದು ತಾನೇ ಕಂಡುಕೊಂಡು, ನಾಲ್ಕರ ಮೇಲೆ ಐದು, ಆರು, ಏಳು ಎನ್ನುತ್ತದೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೀಜ ಕೈಯಲ್ಲಿದ್ದರೆ, ಆಡಲು ಸಮಯವಿದ್ದರೆ ಅನೇಕ ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಆಮೇಲೆ ಎಂಟಕ್ಕೆ ಎರಡು ಸೇರಿಸಿ ಹತ್ತು ಮಾಡಿ, ಉಳಿದದ್ದನ್ನು ಅದರ ಮೇಲೆ ಇಡುವ ಜಾಣತನ ಬರುತ್ತದೆ. ಎಲ್ಲಕ್ಕಿಂತ ಕೊನೆಯಲ್ಲಿ, ಮೂರು ನಾಲ್ಕು ಏಳು ಎಂಬುದು ಎಣಿಸದೆಯೇ ನಾಲಿಗೆಗೆ ಬರುತ್ತದೆ. ನಮ್ಮ ಶಾಲೆಗಳು ಮಾಡುತ್ತಿರುವುದೇನೆಂದರೆ ಈ ಕೊನೆಯ ಮೆಟ್ಟಿಲನ್ನು ಮೊದಲು ಹತ್ತಿಸುವುದು. ಹತ್ತಿದ ಮಗು ಅಲ್ಲಿಂದ ಬೀಳುತ್ತದೆ. ಬಿದ್ದ ಮೇಲೆ, ಇವನಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂಬ ಮೊಹರು ಒತ್ತಿಬಿಡುತ್ತೇವೆ.

ಬೋರ್ಡಿನಲ್ಲಿ ಮಾಂಟೆಸ್ಸರಿ, ಒಳಗೆ ಬಾಯಿಪಾಠ

ಕರ್ನಾಟಕದ ಸಣ್ಣಪುಟ್ಟ ಪಟ್ಟಣಗಳಲ್ಲೂ ಈಗ ಮಾಂಟೆಸ್ಸರಿ ಎಂಬ ಬೋರ್ಡುಗಳಿವೆ, ಕಿಂಡರ್‌ಗಾರ್ಟನ್ ಎಂಬ ಬೋರ್ಡುಗಳಿವೆ. 1837ರಲ್ಲಿ ಜರ್ಮನಿಯಲ್ಲಿ ಎಳೆಯ ಮಕ್ಕಳಿಗಾಗಿ ಶಾಲೆ ತೆರೆದ ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟದ್ದು ಚೆಂಡು ಮತ್ತು ಮರದ ತುಂಡುಗಳನ್ನು. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆ ಆರಂಭಿಸಿದ ಮರಿಯಾ ಮಾಂಟೆಸ್ಸರಿ ಮಣಿಗಳ ಮೂಲಕ ಲೆಕ್ಕ ಕಲಿಸುವ ವಿಧಾನವನ್ನು ರೂಪಿಸಿದರು. ಒಂದು ಬಿಡಿ ಮಣಿ, ಹತ್ತು ಮಣಿ ಪೋಣಿಸಿದ ಒಂದು ಕಡ್ಡಿ, ಹತ್ತು ಕಡ್ಡಿ ಜೋಡಿಸಿದ ನೂರರ ಚೌಕ, ಹತ್ತು ಚೌಕ ಪೇರಿಸಿದ ಸಾವಿರದ ಘನ. ಸಾವಿರ ಎಷ್ಟು ಭಾರ ಎಂಬುದು ಮಗುವಿನ ತೋಳಿಗೇ ಗೊತ್ತಾಗುತ್ತಿತ್ತು. ಆಕೆ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಯುದ್ಧದ ವರ್ಷಗಳನ್ನು ಈ ದೇಶದಲ್ಲೇ ಕಳೆದು ಇಲ್ಲಿನ ಶಿಕ್ಷಕರನ್ನು ತರಬೇತುಗೊಳಿಸಿದರು. ಆಕೆಯ ಹೆಸರು ಬರೆದುಕೊಂಡ ಎಷ್ಟು ಶಾಲೆಗಳ ಒಳಗೆ ಒಂದು ಹಿಡಿ ಮಣಿಯಾದರೂ ಇದೆ? ಬೆಂಚು, ಕಾಪಿ ಪುಸ್ತಕ, ಟೈ, ಷೂ ಮತ್ತು ಒನ್ ಟು ಥ್ರೀಯ ಕಿರುಚಾಟ. ಎಲ್ಲ ಶಾಲೆಗಳೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಹೀಗಿರುವ ಶಾಲೆಗಳಿಗೇ ಬೇಡಿಕೆ ಹೆಚ್ಚು ಎಂಬುದು ನಮ್ಮ ದೂರು. ಪುಸ್ತಕ ತುಂಬಿಸದ ಶಾಲೆಯನ್ನು ತಂದೆತಾಯಂದಿರು ನಂಬುವುದಿಲ್ಲ. ನಂಬಿಕೆಗೆ ಸಾಕ್ಷಿ ಬೇಕು. ಹುಣಸೆ ಬೀಜದ ಆಟ ಸಾಕ್ಷಿ ಉಳಿಸುವುದಿಲ್ಲ.

ಸರ್ಕಾರಿ ಶಾಲೆಗಳನ್ನು ಬಯ್ಯುವುದು ಈಗ ಫ್ಯಾಷನ್ ಆಗಿದೆ. ಆದರೆ ಈ ವಿಷಯದಲ್ಲಿ ಅವು ಹಿಂದೆ ಬಿದ್ದಿಲ್ಲ ಎಂಬುದನ್ನು ಒಪ್ಪಬೇಕು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ಮೊದಲ ಕಂತಿನಲ್ಲೇ ನಮ್ಮ ಟಿ. ನರಸೀಪುರವೂ ಸೇರಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಸರ್ಕಾರಿ ಶಿಕ್ಷಕರು ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ನಲಿ-ಕಲಿ ಪದ್ಧತಿಯನ್ನು ಕಟ್ಟಿದರು. ಅದು ಮುಂದೆ ರಾಜ್ಯದಾದ್ಯಂತ ಹರಡಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಿಪುಣ್ ಭಾರತ್ ಎಂಬ ಯೋಜನೆ ತಂದು, ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು ಮತ್ತು ಮೂಲ ಲೆಕ್ಕ ಬರಬೇಕೆಂದು 2026-27ರ ಗಡುವು ಹಾಕಿತು. 2023ರಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ಆಟಿಕೆ, ಒಗಟು, ಕಾರ್ಡುಗಳ ಜಾದೂಯಿ ಪಿಟಾರಾ ಎಂಬ ಪೆಟ್ಟಿಗೆಯನ್ನೂ ಬಿಡುಗಡೆ ಮಾಡಿತು. ಪೆಟ್ಟಿಗೆ ಎಷ್ಟು ಕಡೆ ತೆರೆದುಕೊಂಡಿದೆ, ಎಷ್ಟು ಕಡೆ ಬೀರುವಿನಲ್ಲಿ ಬೀಗ ಹಾಕಿಕೊಂಡು ಕುಳಿತಿದೆ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಅಂಗನವಾಡಿಯಲ್ಲಿ ಮಕ್ಕಳು ಆಡುತ್ತಿರುವುದನ್ನು ಕಂಡು, ಇಲ್ಲಿ ಏನೂ ಕಲಿಸುವುದಿಲ್ಲ ಎಂದು ಮಗುವನ್ನು ಬಿಡಿಸಿಕೊಂಡು ಹೋಗುವವರೂ ನಾವೇ.

ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಮೂರನೇ ತರಗತಿಯ ನೂರು ಮಕ್ಕಳಲ್ಲಿ ಕಳೆಯುವ ಲೆಕ್ಕವನ್ನಾದರೂ ಮಾಡಬಲ್ಲವರು ಸುಮಾರು 34 ಮಂದಿ. 2022ರಲ್ಲಿ ಅದು ಸುಮಾರು 26 ಇತ್ತು. ಏರಿಕೆಯೇನೋ ಆಗಿದೆ. ಆದರೂ ಮೂವರಲ್ಲಿ ಇಬ್ಬರು ಮಕ್ಕಳು ಮೂರು ವರ್ಷ ಶಾಲೆಯಲ್ಲಿ ಕುಳಿತು ಎದ್ದ ಮೇಲೂ ಲೆಕ್ಕದ ಹೊಸ್ತಿಲಲ್ಲೇ ನಿಂತಿದ್ದಾರೆ. ನಮ್ಮ ಸಮುದಾಯದ ಮಟ್ಟಿಗೆ ಈ ಮಾತು ಇನ್ನೂ ಗಂಭೀರ. ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನೂರಕ್ಕೆ 25 ಮಂದಿ ಒಂದೋ ಶಾಲೆಯ ಮುಖವನ್ನೇ ಕಂಡಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತ್ತು. ಬಿಡಲು ಬಡತನ ಕಾರಣ, ದೂರ ಕಾರಣ, ಕೆಲಸ ಕಾರಣ. ಜೊತೆಗೆ ಲೆಕ್ಕದ ಭಯವೂ ಒಂದು ಕಾರಣ ಎಂಬುದನ್ನು ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ ಹುಡುಗರ ಜೊತೆ ಮಾತಾಡಿದವರೆಲ್ಲ ಬಲ್ಲರು. ಆ ಭಯ ಏಳನೇ ತರಗತಿಯಲ್ಲಿ ಹುಟ್ಟಿದ್ದಲ್ಲ. ನಾಲ್ಕನೇ ವಯಸ್ಸಿನಲ್ಲಿ ಬೆನ್ನಿಗೆ ಬಿದ್ದ ಗುದ್ದಿನಿಂದ ಹುಟ್ಟಿದ್ದು.

ಮನೆಯಲ್ಲಿರುವ ಸಾಮಾನು

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ನಮ್ಮ ಉತ್ತರ: ಅಂಗಡಿಗೆ ಹೋಗಬೇಡಿ, ಅಡುಗೆಮನೆಗೆ ಹೋಗಿ. ಹತ್ತು ಹುಣಸೆ ಬೀಜ ತೆಗೆದುಕೊಂಡು ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ. ಐದು ಬೀಜ ಹಾರಿಸಿ. ಎರಡು ಬಿಳಿ, ಮೂರು ಕಪ್ಪು; ಐದು. ಮತ್ತೆ ಹಾರಿಸಿ. ನಾಲ್ಕು ಬಿಳಿ, ಒಂದು ಕಪ್ಪು, ಆಗಲೂ ಐದು. ಐದು ಎಷ್ಟು ಬಗೆಯಲ್ಲಿ ಒಡೆದುಕೊಳ್ಳುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ಮಗುವಿನ ಕಣ್ಣಿಗೆ ಬೀಳುತ್ತದೆ. ಇನ್ನೊಂದು ಆಟ. ಐದು ಬೀಜ ತೋರಿಸಿ, ಕೆಲವನ್ನು ತೆಂಗಿನ ಕರಟದ ಕೆಳಗೆ ಮುಚ್ಚಿ, ಹೊರಗೆ ಎರಡಿವೆ, ಒಳಗೆ ಎಷ್ಟು ಎಂದು ಕೇಳಿ. ಮಗು ಊಹಿಸಲಿ, ಕರಟ ಎತ್ತಿ ತಾನೇ ನೋಡಲಿ. ಉತ್ತರ ಸರಿಯೋ ತಪ್ಪೋ ಎಂದು ಹೇಳಲು ಇಲ್ಲಿ ಟೀಚರ್ ಬೇಕಿಲ್ಲ, ಕರಟವೇ ಹೇಳುತ್ತದೆ. ಅವಮಾನವಿಲ್ಲದೆ ತಪ್ಪು ಮಾಡುವ ಈ ಸ್ವಾತಂತ್ರ್ಯ ಕಾಪಿ ಪುಸ್ತಕದಲ್ಲಿ ಎಲ್ಲಿದೆ? ಈ ಆಟದಲ್ಲಿ ಕೂಡುವುದೂ ಕಳೆಯುವುದೂ ಒಟ್ಟಿಗೆ ಬರುತ್ತವೆ ಎಂಬುದನ್ನೂ ಗಮನಿಸಿ.

ತುಳುನಾಡಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಆಡುವ ಚೆನ್ನೆಮಣೆಗೆ ಹದಿನಾಲ್ಕು ಗುಂಡಿ. ಗುಂಡಿಗೆ ನಾಲ್ಕರಂತೆ 56 ಕಾಯಿ. ಬಯಲುಸೀಮೆಯವರು ಇದನ್ನೇ ಹೋಲುವ ಆಟವನ್ನು ಅಳಗುಳಿಮಣೆ ಎಂದರು. ಒಂದು ಗುಂಡಿಯ ಕಾಯಿಗಳನ್ನು ಎತ್ತಿ ಮುಂದಿನ ಗುಂಡಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವುದೇ ಒಂದಕ್ಕೊಂದು ಹೊಂದಿಸುವ ಎಣಿಕೆಯ ಮೊದಲ ಪಾಠ. ಕೆಲವು ಬಗೆಯ ಆಟಗಳಲ್ಲಿ ಗುಂಡಿಗೆ ನಾಲ್ಕು ತುಂಬಿದ ಕೂಡಲೇ ಎತ್ತಿಕೊಳ್ಳುವ ನಿಯಮವಿದೆ. ಅಲ್ಲಿ ಮಗು, ಮೂರಿದೆ ಇನ್ನೊಂದು ಬಿದ್ದರೆ ನಾಲ್ಕು ಎಂದು ಕಾಯುತ್ತಿರುತ್ತದೆ. ಯಾವ ಟೀಚರ್ ಇಷ್ಟು ಆಸೆಯಿಂದ 3+1 ಮಾಡಿಸಬಲ್ಲರು?

ಚೌಕಾಬಾರದ ಮಾತಂತೂ ಬೇರೆಯೇ. ನಾಲ್ಕು ಕವಡೆ, ಇಪ್ಪತ್ತೈದು ಮನೆ. ಎಲ್ಲ ಬಾಯಿ ಮೇಲಾದರೆ ಚೌಕ, ನಾಲ್ಕು. ಎಲ್ಲ ಕವುಚಿದರೆ ಬಾರ, ಎಂಟು. ಮನೆ ದಾಟಿಸುತ್ತಾ ದಾಟಿಸುತ್ತಾ ಮಗು ಕೂಡುತ್ತಿರುತ್ತದೆ. ನಡುಮನೆಗೆ ಇನ್ನೆಷ್ಟು ಬೇಕು ಎಂದು ಲೆಕ್ಕ ಹಾಕುವಾಗ, ಐದಕ್ಕೆ ಎಷ್ಟು ಸೇರಿಸಿದರೆ ಎಂಟು ಎಂಬ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳುತ್ತದೆ. ಅಮೆರಿಕದಲ್ಲಿ ರಮಣಿ ಮತ್ತು ಸೀಗ್ಲರ್ ಎಂಬ ಸಂಶೋಧಕರು ಒಂದರಿಂದ ಹತ್ತರವರೆಗೆ ಮನೆಗಳನ್ನು ಸಾಲಾಗಿ ಬರೆದ ಹಲಗೆಯ ಮೇಲೆ ಬಡ ಕುಟುಂಬಗಳ ಎಳೆಯ ಮಕ್ಕಳನ್ನು ಎರಡು ವಾರಗಳಲ್ಲಿ ನಾಲ್ಕು ಸಲ, ಪ್ರತಿ ಸಲ ಹದಿನೈದಿಪ್ಪತ್ತು ನಿಮಿಷ ಆಡಿಸಿ ನೋಡಿದರು. ಅಂಕಿಗಳ ಬದಲು ಬಣ್ಣಗಳಿದ್ದ ಹಲಗೆಯಲ್ಲಿ ಆಡಿದ ಮಕ್ಕಳಿಗಿಂತ ಇವರ ಸಂಖ್ಯಾಜ್ಞಾನ ಸ್ಪಷ್ಟವಾಗಿ ಮುಂದೆ ಹೋಗಿತ್ತು ಎಂದು 2008ರಲ್ಲಿ ಪ್ರಕಟಿಸಿದರು. ಇಲ್ಲೊಂದು ಸೂಕ್ಷ್ಮವಿದೆ. ಐದನೇ ಮನೆಯಲ್ಲಿರುವ ಕಾಯಿಯನ್ನು ಎರಡು ಮನೆ ನಡೆಸುವಾಗ ಒಂದು, ಎರಡು ಎಂದರೆ ಲಾಭ ಕಡಿಮೆ. ಆರು, ಏಳು ಎಂದು ಮನೆಯ ಹೆಸರು ಹೇಳುತ್ತಾ ನಡೆಸಬೇಕು. ಆಗಲೇ ಮಗು ಎರಡನೆಯ ಮೆಟ್ಟಿಲು ಹತ್ತುತ್ತದೆ.

ಕವಡೆ, ದಾಳ ಎಂದ ಕೂಡಲೇ ನಮ್ಮಲ್ಲಿ ಹಲವರು ಹುಬ್ಬು ಗಂಟಿಕ್ಕುತ್ತಾರೆ. ಪಣ ಕಟ್ಟಿ ಆಡುವುದು ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ದಾಳದ ಆಟವನ್ನು ಖಂಡಿಸುವ ಹದೀಸ್‌ಗಳೂ ಇವೆ. ಆ ಎಚ್ಚರಿಕೆಯನ್ನು ಪಾಲಿಸುವವರೊಡನೆ ನಾವು ಜಗಳಕ್ಕೆ ನಿಲ್ಲುವುದಿಲ್ಲ. ಅವರು ಚೌಕಾಬಾರ ಬಿಡಲಿ, ಚೆನ್ನೆಮಣೆ ಆಡಿಸಲಿ. ಅಲ್ಲಿ ಅದೃಷ್ಟದ ಎಸೆತವೇ ಇಲ್ಲ. ಕರಟದ ಆಟ ಆಡಿಸಲಿ. ನೆಲದಲ್ಲಿ ಹತ್ತು ಮನೆ ಬರೆದು, ಕಾರ್ಡಿನಲ್ಲಿ ಬರೆದ ಅಂಕಿಯಷ್ಟು ಹೆಜ್ಜೆ ನಡೆಸಲಿ. ಆದರೆ ದಾಳದ ನೆಪ ಹೇಳಿ ಆಟವನ್ನೇ ಮನೆಯಿಂದ ಹೊರಗಟ್ಟಿ, ಅದೇ ಮಗುವಿನ ಕೈಗೆ ಮೊಬೈಲು ಕೊಟ್ಟು ಕೂರಿಸುವವರಿಗೆ ಮಾತ್ರ ಯಾವ ರಿಯಾಯಿತಿಯನ್ನೂ ಕೊಡಲಾರೆವು.

ಬೆರಳಿಗೆ ಏಟು ಏಕೆ?

ಬೆರಳು ಮಡಚಿ ಎಣಿಸುವ ಮಗುವಿಗೆ ಬೆರಳಿನ ಮೇಲೇ ಏಟು ಕೊಡುವ ಶಿಕ್ಷಕರಿದ್ದಾರೆ. ಬೆರಳು ಬಿಡು, ಮನಸ್ಸಿನಲ್ಲಿ ಮಾಡು ಎನ್ನುತ್ತಾರೆ. ಮನಸ್ಸಿಗೆ ಹೋಗುವ ದಾರಿ ಬೆರಳಿನ ಮೂಲಕವೇ ಇದೆ ಎಂಬುದು ಅವರಿಗೆ ತಿಳಿಯದು. ಬೆರಳಿನಲ್ಲಿ ಜಿಕ್ರ್ ಎಣಿಸುವುದು ನಮ್ಮಲ್ಲಿ ಸುನ್ನತ್. ನಮ್ಮ ಹಿರಿಯರು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಾ, ನಾಲ್ಕು ಬೆರಳಿಗೆ ಮೂರರಂತೆ ಹನ್ನೆರಡು ಎಣಿಸುವುದನ್ನು ಪ್ರತಿ ಮಸೀದಿಯಲ್ಲೂ ನೋಡಬಹುದು. ಹತ್ತನೇ ಶತಮಾನದ ಬಗ್ದಾದಿನಲ್ಲಿ ಅಬುಲ್ ವಫಾ ಅಲ್-ಬೂಜ್ಜಾನಿ ಎಂಬ ಮಹಾ ಗಣಿತಜ್ಞರು ಗುಮಾಸ್ತರು ಮತ್ತು ವ್ಯಾಪಾರಿಗಳಿಗಾಗಿ ಬರೆದ ಲೆಕ್ಕದ ಗ್ರಂಥದಲ್ಲಿ ಅಂಕಿಗಳನ್ನೇ ಬಳಸಲಿಲ್ಲ. ಎಲ್ಲವನ್ನೂ ಮಾತಿನಲ್ಲಿ ಬರೆದರು, ಏಕೆಂದರೆ ಆ ಜನ ಬೆರಳಿನಲ್ಲಿ ಲೆಕ್ಕ ಹಿಡಿಯುವವರು. ಅವರಿಗಿಂತ ಒಂದು ಶತಮಾನ ಮೊದಲು ಅಲ್-ಖ್ವಾರಿಜ್ಮಿ ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನವನ್ನು ಬರೆದಿದ್ದರು. ಆ ವಿಧಾನವನ್ನು ಕಲಿತವರು ಹಲಗೆಯ ಮೇಲೆ ಧೂಳು ಹರಡಿ ಬೆರಳಿನಲ್ಲಿ ಬರೆದು ಅಳಿಸಿ ಕೂಡುತ್ತಿದ್ದರು.

ನಮ್ಮ ಜಲಸಾಗಳಲ್ಲಿ ಅಲ್-ಖ್ವಾರಿಜ್ಮಿಯ ಹೆಸರು ಕೇಳದ ವರ್ಷವಿಲ್ಲ. ಆಲ್ಜೀಬ್ರಾ ಕೊಟ್ಟವರು ನಾವು, ಆಲ್ಗರಿದಮ್ ಎಂಬ ಪದವೇ ನಮ್ಮವರ ಹೆಸರಿನಿಂದ ಬಂದದ್ದು ಎಂದು ಭಾಷಣಕಾರರು ಎದೆ ತಟ್ಟಿಕೊಳ್ಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ಭಾಷಣ ಕೇಳುತ್ತಾ ಚಾಪೆಯ ಮೇಲೆ ಕುಳಿತ ಮಗುವಿಗೆ ಎಂಟಕ್ಕೆ ಐದು ಕೂಡಿಸಲು ಬಾರದಿದ್ದರೆ ಆ ಹೆಮ್ಮೆಯನ್ನು ಏನು ಮಾಡುವುದು? ಬೇರೆ ನಾಡಿನ ಅಂಕಿಯನ್ನು ವಿನಯದಿಂದ ಕಲಿತದ್ದು ಆ ಹಿರಿಯನ ದೊಡ್ಡತನ. ಅವನ ಹೆಸರು ಹೇಳಿಕೊಂಡು ಏನನ್ನೂ ಕಲಿಯದಿರುವುದು ನಮ್ಮ ಸಣ್ಣತನ.

ಕಲಿಸಲು ಬೇಕಾದುದೆಲ್ಲ ನಮ್ಮ ದಿನಚರಿಯಲ್ಲೇ ಇದೆ. ಮೂವತ್ತಮೂರು ಮಣಿಗಳ ತಸ್ಬೀಹ್‌ನಲ್ಲಿ ಸಾಮಾನ್ಯವಾಗಿ ಹನ್ನೊಂದಕ್ಕೊಂದು ಗುರುತಿನ ಮಣಿ ಇರುತ್ತದೆ. ಹನ್ನೊಂದು, ಹನ್ನೊಂದು, ಹನ್ನೊಂದು. ನಮಾಜಿನ ನಂತರ 33 ಸಲ ಸುಬ್ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್, ನೂರು. ಫಜರ್ ಎರಡು, ಜುಹರ್ ನಾಲ್ಕು, ಅಸರ್ ನಾಲ್ಕು, ಮಗ್ರಿಬ್ ಮೂರು, ಇಶಾ ನಾಲ್ಕು ಎಂದು ಫರ್ಜ್ ರಕಅತ್‌ಗಳಿಗೆ ಬೀಜ ಇಡುತ್ತಾ ಹೋದರೆ ಒಟ್ಟು ಹದಿನೇಳು. ಇಫ್ತಾರಿಗೆ ತಟ್ಟೆಗೆ ಮೂರರಂತೆ ಖರ್ಜೂರ ಹಂಚುವ ಕೆಲಸವನ್ನು ಐದು ವರ್ಷದ ಮಗಳಿಗೆ ಬಿಟ್ಟುಕೊಟ್ಟರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಕರಾವಳಿಯಲ್ಲಿ ಬೀಡಿ ಕಟ್ಟುವ ತಾಯಂದಿರಿದ್ದಾರೆ. ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಒಂದು ಸಾವಿರ ಎಂಬ ಲೆಕ್ಕ ಅವರ ಬೆರಳ ತುದಿಯಲ್ಲಿದೆ. ಮಗುವನ್ನು ಬೀಡಿಗೆ ಹಚ್ಚಬೇಕೆಂದು ನಾವು ಹೇಳುತ್ತಿಲ್ಲ. ಅದನ್ನು ಎಂದೂ ಹೇಳೆವು. ಸಹಿ ಹಾಕಲು ಬಾರದ ಆ ತಾಯಿಗೆ ಲೆಕ್ಕ ಬರುತ್ತದೆ, ಆಕೆ ಬೀಜ ಹಿಡಿದು ಮಗುವಿಗೆ ಕೂಡುವುದನ್ನು ಕಲಿಸಬಲ್ಲಳು ಎಂಬುದನ್ನು ಶಾಲೆ ಒಪ್ಪಿಕೊಳ್ಳಬೇಕು ಎನ್ನುತ್ತಿದ್ದೇವೆ. ಪೋಷಕರ ಸಭೆಯಲ್ಲಿ, ನಿಮಗೆ ಓದು ಬಾರದು, ಟ್ಯೂಷನ್‌ಗೆ ಹಾಕಿ ಎಂದು ಆಕೆಯನ್ನು ಕುಗ್ಗಿಸಿ ಕಳಿಸುವವರು ಮಗುವಿನ ಮೊದಲ ಗಣಿತ ಶಿಕ್ಷಕಿಯನ್ನೇ ಕೆಲಸದಿಂದ ತೆಗೆದಂತೆ.

ಯಾವ ಭಾಷೆಯಲ್ಲಿ ಎಣಿಸಬೇಕು?

ಉರ್ದು ಮತ್ತು ಕನ್ನಡ ಎರಡೂ ಶಾಲೆಗಳ ಮಣ್ಣು ಮೆಟ್ಟಿದವರಾಗಿ ನಾವು ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಕನ್ನಡದ ಎಣಿಕೆ ಮಗುವಿಗೆ ಬಹಳ ಸಹಾಯ ಮಾಡುತ್ತದೆ. ಇಪ್ಪತ್ತೊಂದು ಎಂಬ ಪದದೊಳಗೆ ಇಪ್ಪತ್ತೂ ಇದೆ, ಒಂದೂ ಇದೆ. ಪದವೇ ಕೂಡಿಸಿ ತೋರಿಸುತ್ತದೆ. ಉರ್ದುವಿನಲ್ಲಿ ಹಾಗಲ್ಲ. ಪೈಂತೀಸ್, ಸೈಂತೀಸ್, ಛಿಯಾಸಠ್ ಎಂಬ ಹೆಸರುಗಳಲ್ಲಿ ಬಿಡಿಯೂ ಹತ್ತೂ ಕರಗಿ ಒಂದಾಗಿ ಹೋಗಿವೆ. ಉನ್ನೀಸ್, ಉನ್ತೀಸ್ ಎಂಬವು ಮುಂದಿನ ಹತ್ತಕ್ಕೆ ಒಂದು ಕಡಿಮೆ ಎಂದು ಹೇಳುತ್ತವೆ. ನೂರರವರೆಗೆ ಹೆಚ್ಚುಕಡಿಮೆ ಪ್ರತಿಯೊಂದನ್ನೂ ಬೇರೆಯಾಗಿ ನೆನಪಿಡಬೇಕು. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಕೂಡ ಒಳಗಿನ ಗುಟ್ಟು ಬಿಡುವುದಿಲ್ಲ. ಜೊತೆಗೆ ಅಲಿಫ್-ಬೇ ಬಲದಿಂದ ಎಡಕ್ಕೆ ಬರೆಯುವ ಮಗು, 35 ಎಂಬ ಅಂಕಿಯನ್ನು ಎಡದಿಂದ ಬಲಕ್ಕೆ ಬರೆಯಬೇಕು.

ಇದರಿಂದ ಉರ್ದು ಕೀಳು ಎಂದು ಯಾರಾದರೂ ತೀರ್ಮಾನಿಸಿದರೆ ಅದು ಅವರ ಅಜ್ಞಾನ. ನಾವು ಹೇಳುವುದು ಇಷ್ಟೆ: ಪದ ಸಹಾಯ ಮಾಡದ ಕಡೆ ಕೈ ಹೆಚ್ಚು ಕೆಲಸ ಮಾಡಬೇಕು. ಉರ್ದು ಮಾಧ್ಯಮದ ಶಾಲೆಗೆ ಹತ್ತು ಹತ್ತು ಕಡ್ಡಿಗಳ ಕಟ್ಟುಗಳು ಬೇರೆಲ್ಲ ಶಾಲೆಗಿಂತ ಹೆಚ್ಚು ಬೇಕು. ಮೂರು ಕಟ್ಟು ಮತ್ತು ಐದು ಬಿಡಿ ಕಡ್ಡಿಯನ್ನು ಕಣ್ಣಾರೆ ಕಂಡ ಮಗುವಿಗೆ ಪೈಂತೀಸ್ ಎಂಬ ಹೆಸರು ಒಗಟಾಗಿ ಉಳಿಯುವುದಿಲ್ಲ. ಇನ್ನು ಮನೆಯಲ್ಲಿ ದಖನಿ, ಬ್ಯಾರಿ ಅಥವಾ ನವಾಯತಿ ಮಾತಾಡುವ ಮಗುವಿಗೆ ಮೊದಲ ದಿನದಿಂದಲೇ ಇಂಗ್ಲಿಷಿನಲ್ಲಿ ಎಣಿಸು ಎನ್ನುವುದು ಎರಡು ಹೊರೆಯನ್ನು ಒಂದೇ ತಲೆಗೆ ಹೊರಿಸಿದಂತೆ. ಏಳು ಎಂಬುದು ಮೊದಲು ಮನೆಮಾತಿನಲ್ಲಿ ಗಟ್ಟಿಯಾಗಲಿ. ಆಮೇಲೆ ಅದೇ ಏಳು ಬೀಜಗಳಿಗೆ ಬೇರೆ ಭಾಷೆಯ ಹೆಸರಿಡುವುದು ಕಷ್ಟವಲ್ಲ.

ಆಟವೊಂದೇ ಸಾಕೇ?

ಸಾಲದು. ಆಟದ ಪರವಾಗಿ ವಾದಿಸುವವರು ಈ ಮಾತನ್ನು ಮುಚ್ಚಿಡಬಾರದು. ದೆಹಲಿಯಲ್ಲಿ ಪ್ರಥಮ್ ಸಂಸ್ಥೆಯ 214 ಬಾಲವಾಡಿಗಳಲ್ಲಿ 1,500ಕ್ಕೂ ಹೆಚ್ಚು ಮಕ್ಕಳಿಗೆ ಗಣಿತದ ಆಟಗಳನ್ನು ನಾಲ್ಕು ತಿಂಗಳು ಆಡಿಸಿ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಗುಂಪುಗಳನ್ನು, ಆಕಾರಗಳನ್ನು ಅಂದಾಜು ಮಾಡುವ ಶಕ್ತಿ ಆ ಮಕ್ಕಳಲ್ಲಿ ಬೆಳೆಯಿತು, ವರ್ಷ ಕಳೆದರೂ ಉಳಿಯಿತು. ಆದರೆ ಪ್ರಾಥಮಿಕ ಶಾಲೆಯ ಅಂಕಿಯ ಲೆಕ್ಕದಲ್ಲಿ ಅವರು ಉಳಿದವರಿಗಿಂತ ಮುಂದೆ ಹೋಗಲಿಲ್ಲ. ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಸಂತೆಗಳಲ್ಲಿ ಕೆಲಸ ಮಾಡುವ 1,400ಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2025ರಲ್ಲಿ ಬರೆದದ್ದು ಇನ್ನೂ ಕಣ್ಣು ತೆರೆಸುವಂಥದು. ತರಕಾರಿ ಮಾರುತ್ತಾ ತೂಕ, ದರ, ಚಿಲ್ಲರೆಯನ್ನು ಬಾಯಲ್ಲೇ ಲೆಕ್ಕ ಹಾಕುವ ಮಕ್ಕಳು ಅಂಥದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟರೆ ಎಡವಿದರು. ಶಾಲೆಯ ಮಕ್ಕಳು ಕಾಗದದ ಲೆಕ್ಕ ಮಾಡಿದರು, ಸಂತೆಯ ಲೆಕ್ಕದಲ್ಲಿ ಸೋತರು.

ಇದರ ಅರ್ಥ ಸ್ಪಷ್ಟ. ಬೀಜದಿಂದ ಅಂಕಿಗೆ ಸೇತುವೆ ತಾನಾಗಿ ಬೀಳುವುದಿಲ್ಲ, ಯಾರಾದರೂ ಕಟ್ಟಬೇಕು. ಬೀಜ ಹಾರಿಸಿದ ಮೇಲೆ, ಎರಡು ಮತ್ತು ಮೂರು ಸೇರಿ ಐದು ಎಂದು ಮಗು ಬಾಯಿಬಿಟ್ಟು ಹೇಳಬೇಕು. ಹೇಳಿದ್ದನ್ನು ಸೀಮೆಸುಣ್ಣದಲ್ಲಿ ಎರಡು ಗೆರೆ, ಮೂರು ಗೆರೆ ಎಂದು ನೆಲದ ಮೇಲೆ ಎಳೆಯಬೇಕು. ಅದರ ಕೆಳಗೆ, ನೋಡು ಇದನ್ನು ಹೀಗೂ ಬರೆಯುತ್ತಾರೆ ಎಂದು 2+3=5 ತೋರಿಸಬೇಕು. ಬರೆದದ್ದನ್ನು ನೋಡಿ ಮತ್ತೆ ಬೀಜದಲ್ಲಿ ಮಾಡಿ ತೋರಿಸಲು ಹೇಳಬೇಕು. ಹೋಗುವ ದಾರಿಯೂ ಬರುವ ದಾರಿಯೂ ಎರಡೂ ಬೇಕು. ಶಿಕ್ಷಕಿಯ ನಿಜವಾದ ಕೆಲಸ ಇರುವುದು ಇಲ್ಲಿ. ಆಟವಾಡಲು ಬಿಟ್ಟು ಮೂಲೆಯಲ್ಲಿ ಕುಳಿತು ರಿಜಿಸ್ಟರ್ ತುಂಬುವವರಿಗೂ, ಬೀಜ ಮುಟ್ಟಿಸದೆ ಬೋರ್ಡಿನಲ್ಲಿ ಬರೆಯಿಸುವವರಿಗೂ ನಮ್ಮ ಆಕ್ಷೇಪ ಒಂದೇ: ಇಬ್ಬರೂ ಸೇತುವೆ ಕಟ್ಟಲಿಲ್ಲ.

ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ, ಇದೆಲ್ಲ ಹೇಗೆ ಸಾಧ್ಯ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಲವತ್ತು ಮಕ್ಕಳು ಇಬ್ಬಿಬ್ಬರಾಗಿ ಕುಳಿತರೆ ಇಪ್ಪತ್ತು ಜೋಡಿ, ಇಪ್ಪತ್ತು ಕರಟ, ಇನ್ನೂರು ಬೀಜ. ಒಬ್ಬರು ಮುಚ್ಚುತ್ತಾರೆ, ಇನ್ನೊಬ್ಬರು ಊಹಿಸುತ್ತಾರೆ, ಶಿಕ್ಷಕಿ ಜೋಡಿಯಿಂದ ಜೋಡಿಗೆ ನಡೆಯುತ್ತಾರೆ. ಮೂರು ವರ್ಷದ ಮಕ್ಕಳು ಬೀಜ ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ಅಪಾಯವಿದೆ. ಅವರಿಗೆ ದೊಡ್ಡ ಮುಚ್ಚಳಗಳನ್ನೋ ಮರದ ತುಂಡುಗಳನ್ನೋ ಕೊಡಿ. ಗದ್ದಲ ಆಗುತ್ತದೆ, ನಿಜ. ಗದ್ದಲವಿಲ್ಲದ ತರಗತಿಯಲ್ಲಿ ಕಲಿಕೆ ನಡೆಯುತ್ತಿದೆ ಎಂದು ಯಾರು ಹೇಳಿದರು?

ನಮ್ಮ ಬೇಡಿಕೆಗಳು ದೊಡ್ಡವಲ್ಲ. ನಮ್ಮ ಅಂಜುಮನ್‌ಗಳು, ಜಮಾಅತ್‌ಗಳು ನಡೆಸುವ ನರ್ಸರಿ ಶಾಲೆಗಳಲ್ಲಿ ಆರು ವರ್ಷ ತುಂಬುವ ಮೊದಲು ಲೆಕ್ಕದ ಲಿಖಿತ ಪರೀಕ್ಷೆ ಮತ್ತು ಹೋಂವರ್ಕ್ ನಿಲ್ಲಲಿ. ಸಂಜೆಯ ಮಕ್ತಬ್‌ನಲ್ಲಿ ಸಬಕ್ ಮುಗಿದ ಮೇಲೆ ಕಾಲು ಗಂಟೆ ಬೀಜ, ತಸ್ಬೀಹ್ ಮತ್ತು ಪಾಟಿಗೆ ಮೀಸಲಿಡಲಿ. ಉಸ್ತಾದರಿಗೆ ಅದರ ತರಬೇತಿ ಕೊಡಿಸಲಿ. ಮಸೀದಿಯ ಕಟ್ಟಡಕ್ಕೆ ಟೈಲ್ಸ್ ಕೊಡಿಸುವ ದಾನಿಗಳು ಪಕ್ಕದ ಅಂಗನವಾಡಿಗೆ ಒಂದು ಪೆಟ್ಟಿಗೆ ಮಣಿ, ಒಂದು ಚೆನ್ನೆಮಣೆ ಕೊಡಿಸಲಿ. ಅದು ಹಿಂದೂ ಮಗುವಿಗೂ ಮುಸ್ಲಿಮ್ ಮಗುವಿಗೂ ಒಂದೇ ಲೆಕ್ಕ ಹೇಳುತ್ತದೆ. ಸರ್ಕಾರ ಕಳಿಸಿದ ಪೆಟ್ಟಿಗೆಗಳ ಬೀಗವನ್ನು ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಹೋಗಿ ತೆಗೆಸಲಿ. ತಂದೆಯಂದಿರು ಶಾಲೆಯಿಂದ ಬಂದ ಮಗುವಿಗೆ, ಇವತ್ತು ಎಷ್ಟು ಪುಟ ಬರೆದೆ ಎಂದು ಕೇಳುವುದನ್ನು ಬಿಟ್ಟು, ಏಳು ಖರ್ಜೂರ ಎಣಿಸಿ ಕೊಡು, ನಾಲ್ಕು ಅಮ್ಮನಿಗೆ, ಮೂರು ನನಗೆ ಎಂದು ಹೇಳಲಿ. ಮಗು ಎಣಿಸಿ ಕೊಟ್ಟರೆ ಅದರ ಕೈಗೂ ಒಂದು ಖರ್ಜೂರ ಇಡಲಿ. ಈಗ ಒಟ್ಟು ಎಷ್ಟಾಯಿತು ಎಂದು ಕೇಳಲು ಮರೆಯದಿರಲಿ.